ಕರ್ನಾಟಕದ ರೈತ ಕಂಪನಿ ಪುಣೆಯಲ್ಲಿ ಗೋದಾಮು ತೆರೆಯಲು ಏನೇನು ಬೇಕು

ಶಿರಾ ಕಡೆಯ ಸರ್ ಕೇಳಿರುವುದು ಇಷ್ಟು: ಅವರ ರೈತ ಉತ್ಪಾದಕ ಕಂಪನಿ ಕರ್ನಾಟಕದಲ್ಲಿ ನೋಂದಣಿ ಆಗಿದೆ. ಗಾಣದ ಕಡಲೆಕಾಯಿ ಎಣ್ಣೆ, ಪ್ಯಾಕೆಟ್ ರಾಗಿ ಹಿಟ್ಟು, ಮೂಟೆ ರಾಗಿ ಮಾರುತ್ತಾರೆ. ಈಗ ಪುಣೆಯಲ್ಲಿ ಗೋದಾಮು ಬಾಡಿಗೆಗೆ ಹಿಡಿದು ಅಲ್ಲಿಂದಲೇ ಅಂಗಡಿಗಳಿಗೆ ಬಿಲ್ ಹಾಕಬೇಕೆಂದಿದ್ದಾರೆ. ಕಂಪನಿಯನ್ನು ಮಹಾರಾಷ್ಟ್ರದಲ್ಲಿ ಮತ್ತೆ ನೋಂದಣಿ ಮಾಡಿಸಬೇಕೇ ಎಂಬುದು ಪ್ರಶ್ನೆ. ಅದಕ್ಕೆ ಉತ್ತರವಾಗಿ ಇಲ್ಲಿ ಒಬ್ಬರು "ಮಾಡಿಸಲೇಬೇಕು" ಎಂದಿದ್ದಾರೆ, ಇನ್ನೊಬ್ಬರು "40 ಲಕ್ಷದವರೆಗೆ ಏನೂ ಬೇಡ" ಎಂದಿದ್ದಾರೆ. ಎರಡೂ ಸರಿಯಲ್ಲ, ಎರಡನ್ನೂ ನಂಬಿ ಹೊರಟರೆ ದುಡ್ಡು ಹೋಗುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲನೆಯ ಗೊಂದಲ ಬರುವುದು ಅಮೆರಿಕದ ಮಾಹಿತಿ ಓದಿ. ಅಲ್ಲಿ ಕಂಪನಿ ಹುಟ್ಟುವುದೇ ಒಂದೊಂದು ರಾಜ್ಯದ ಕಾನೂನಿನಡಿ. ಡೆಲವೇರ್‌ನ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಕಚೇರಿ ತೆರೆದರೆ ಅಲ್ಲಿನ ಸರ್ಕಾರದಲ್ಲಿ 'ಹೊರಗಿನ ಕಂಪನಿ' ಎಂದು ನೋಂದಾಯಿಸಿಕೊಳ್ಳಬೇಕು. ನಮ್ಮಲ್ಲಿ 2013ರ ಕಂಪನಿ ಕಾಯ್ದೆ ಇಡೀ ದೇಶಕ್ಕೆ ಒಂದೇ. ಬೆಂಗಳೂರಿನ ಆರ್‌ಒಸಿಯಲ್ಲಿ (ಕಂಪನಿ ನೋಂದಣಾಧಿಕಾರಿಯ ಕಚೇರಿ) ನೋಂದಣಿಯಾದ ಕಂಪನಿ ಪುಣೆಯಲ್ಲೂ ಅದೇ ಕಂಪನಿ, ಅದೇ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ), ಅದೇ ಪ್ಯಾನ್. ಶಾಖೆ ತೆರೆದದ್ದಕ್ಕೆ ಅಲ್ಲಿನ ಆರ್‌ಒಸಿಗೆ ಅರ್ಜಿ ಹಾಕುವುದಿಲ್ಲ.

ಆದರೆ ನಿಮ್ಮದು ಉತ್ಪಾದಕ ಕಂಪನಿ, ಅದಕ್ಕೆ ಒಂದು ವಿಶೇಷ ಷರತ್ತಿದೆ. ಬಹಳ ಮಂದಿ ಇದನ್ನು ನೋಡುವುದೇ ಇಲ್ಲ. ಕಾಯ್ದೆಯ ಕಲಂ 378ಎಫ್ ಪ್ರಕಾರ, ಕಂಪನಿಯ ಉದ್ದೇಶಗಳು ಒಂದೇ ರಾಜ್ಯಕ್ಕೆ ಸೀಮಿತವಲ್ಲದಿದ್ದರೆ ಅವು ಯಾವ ಯಾವ ರಾಜ್ಯಗಳಿಗೆ ಅನ್ವಯಿಸುತ್ತವೆ ಎಂದು ಮೆಮೊರಾಂಡಂನಲ್ಲೇ (ಕಂಪನಿಯ ಉದ್ದೇಶ ಬರೆದಿರುವ ಮೂಲ ದಾಖಲೆ) ಬರೆದಿರಬೇಕು. ಇವತ್ತೇ ನಿಮ್ಮ ಮೆಮೊರಾಂಡಂ ತೆಗೆದು ಆ ಸಾಲು ಓದಿ. 'ಕರ್ನಾಟಕ' ಎಂದಷ್ಟೇ ಇದ್ದರೆ ಮೊದಲು ಸರ್ವ ಸದಸ್ಯರ ಸಭೆಯಲ್ಲಿ ವಿಶೇಷ ನಿರ್ಣಯ ಮಾಡಿ ತಿದ್ದುಪಡಿ ಮಾಡಿಸಿ, 30 ದಿನದೊಳಗೆ ಆರ್‌ಒಸಿಗೆ ಸಲ್ಲಿಸಿ. ವಿಶೇಷ ನಿರ್ಣಯಕ್ಕೆ ವಿರೋಧದ ಮತಗಳ ಮೂರು ಪಟ್ಟಾದರೂ ಒಪ್ಪಿಗೆಯ ಮತ ಬೀಳಬೇಕು. ವಾರ್ಷಿಕ ಸಭೆ ಹತ್ತಿರವಿದ್ದರೆ ಅದರಲ್ಲೇ ಇಟ್ಟುಬಿಡಿ, 14 ದಿನ ಮುಂಚಿನ ನೋಟಿಸಿನಲ್ಲಿ ಈ ವಿಷಯ ಸ್ಪಷ್ಟವಾಗಿ ಬರಲಿ. ಮುಂದೆ ಹೊಸೂರು, ಹೈದರಾಬಾದ್ ಕಡೆಗೂ ಹೋಗುವ ಯೋಚನೆ ಇದ್ದರೆ ಆ ರಾಜ್ಯಗಳನ್ನೂ ಈಗಲೇ ಸೇರಿಸಿ. ಪ್ರತಿ ಸಲ ಸಭೆ ಕರೆಯುವ ತಾಪತ್ರಯ ತಪ್ಪುತ್ತದೆ.

ಎರಡನೆಯ ಮಾತು, 40 ಲಕ್ಷ, ಅಂದರೆ ವರ್ಷದ ವಹಿವಾಟು ಅಷ್ಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂಬ ಮಿತಿ. ಆ ಮಿತಿ ಪ್ರತಿ ರಾಜ್ಯಕ್ಕೆ ಹೊಸದಾಗಿ ಸಿಗುವುದಿಲ್ಲ. ಒಂದು ಪ್ಯಾನ್ ಮೇಲೆ ದೇಶದಲ್ಲೆಲ್ಲ ಆಗುವ ವಹಿವಾಟನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ, ತೆರಿಗೆ ಇಲ್ಲದ ಮೂಟೆ ರಾಗಿಯ ಮಾರಾಟವೂ ಅದರಲ್ಲಿ ಸೇರುತ್ತದೆ. ಶಿರಾದ ವಹಿವಾಟೇ ಮಿತಿ ದಾಟಿದ್ದರೆ, ಪುಣೆ ಗೋದಾಮಿನಿಂದ ಮಾರುವ ಮೊದಲ ಕ್ಯಾನ್ ಎಣ್ಣೆಗೇ ಅಲ್ಲಿನ ಜಿಎಸ್‌ಟಿ ನೋಂದಣಿ ಬೇಕು.

ಅದಕ್ಕೂ ಮೊದಲು ಗೋದಾಮು ನಿಜವಾಗಿ ಬೇಕೇ ಎಂದು ಕೂತು ಲೆಕ್ಕ ಹಾಕಿ. ಶಿರಾದಿಂದಲೇ ಬಿಲ್ ಹಾಕಿ ಪುಣೆಯ ವ್ಯಾಪಾರಿಗೆ ಲಾರಿ ಕಳಿಸುವುದಾದರೆ ಈಗಿರುವ ಜಿಎಸ್‌ಟಿ ನಂಬರೇ ಸಾಕು, ಬಿಲ್‌ನಲ್ಲಿ ಐಜಿಎಸ್‌ಟಿ (ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರುವಾಗಿನ ಜಿಎಸ್‌ಟಿ) ಹಾಕಿದರಾಯಿತು. ಮೇಳದಲ್ಲಿ ಹತ್ತು ದಿನ ಮಳಿಗೆ ಹಾಕುವುದಾದರೆ ತಾತ್ಕಾಲಿಕ ನೋಂದಣಿ ಇದೆ: ವ್ಯಾಪಾರ ಶುರುವಾಗುವ 5 ದಿನ ಮುಂಚೆ ಅರ್ಜಿ, ಅಂದಾಜು ತೆರಿಗೆ ಮುಂಗಡ, 90 ದಿನದವರೆಗೆ ಊರ್ಜಿತ. ಸರಕನ್ನು ನಿಮ್ಮ ಹೆಸರಿನಲ್ಲೇ ಅಲ್ಲಿ ದಾಸ್ತಾನು ಇಟ್ಟು ಅಲ್ಲಿಂದ ಮಾರುವುದಾದರೆ ಮಾತ್ರ ಮುಂದಿನದೆಲ್ಲ ಬೇಕು. ಆನ್‌ಲೈನ್ ಮಾರಾಟ ಕಂಪನಿಯ ಮಹಾರಾಷ್ಟ್ರದ ಗೋದಾಮಿನಲ್ಲಿ ಸರಕು ಇಡುವುದೂ ಇದೇ ಲೆಕ್ಕಕ್ಕೆ ಬರುತ್ತದೆ.

ಈಗ ಜಾಗದ ವಿಷಯ. ಹೊರ ರಾಜ್ಯದವರು ಹೆಚ್ಚು ಎಡವುವುದು ಇಲ್ಲೇ. ನಮ್ಮಲ್ಲಿ 11 ತಿಂಗಳ ಕರಾರು ಬರೆದು ನೋಟರಿ ಮಾಡಿಸಿ ಸುಮ್ಮನಾಗುತ್ತಾರೆ. ಮಹಾರಾಷ್ಟ್ರದಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆಯ ಕಲಂ 55ರ ಪ್ರಕಾರ 'ಲೀವ್ ಅಂಡ್ ಲೈಸೆನ್ಸ್' ಕರಾರು (ಅಲ್ಲಿ ಬಾಡಿಗೆಗೆ ಬರೆಯುವ ಕರಾರು) ಎಷ್ಟೇ ಅವಧಿಯದಾದರೂ ನೋಂದಣಿ ಆಗಲೇಬೇಕು. ಖರ್ಚು ಹೆಚ್ಚಲ್ಲ. ತಿಂಗಳಿಗೆ 20,000 ಬಾಡಿಗೆ, 36 ತಿಂಗಳು, 1 ಲಕ್ಷ ಠೇವಣಿ ಎಂದುಕೊಳ್ಳಿ: ಬಾಡಿಗೆ 7,20,000, ಠೇವಣಿಗೆ ವರ್ಷಕ್ಕೆ ಶೇ. 10ರಂತೆ ಮೂರು ವರ್ಷಕ್ಕೆ 30,000, ಒಟ್ಟು 7,50,000. ಅದರ ಶೇ. 0.25 ಅಂದರೆ 1,875 ರೂಪಾಯಿ ಮುದ್ರಾಂಕ ಶುಲ್ಕ, ನಗರ ಮಿತಿಯಲ್ಲಿ 1,000 ನೋಂದಣಿ ಶುಲ್ಕ. ಇದರಿಂದ ಇನ್ನೊಂದು ಲಾಭವೂ ಇದೆ. ಕರಾರು ನೋಂದಣಿಯಾಗಿದ್ದರೆ ಜಿಎಸ್‌ಟಿ ಅರ್ಜಿಗೆ ಮಾಲೀಕರ ಗುರುತಿನ ಚೀಟಿ ಬೇಕಾಗಿಲ್ಲ, ನೋಂದಣಿ ಇಲ್ಲದಿದ್ದರೆ ಬೇಕು. ಜೊತೆಗೆ ಮಾಲೀಕರ ಹೆಸರಿನ ಒಂದು ದಾಖಲೆ ಸಾಕು, ಕರೆಂಟ್ ಬಿಲ್ ಅಥವಾ ಆಸ್ತಿ ತೆರಿಗೆ ರಸೀದಿ.

ಕರಾರಿಗೆ ಸಹಿ ಹಾಕುವ ಮುಂಚೆ ಆ ಕರೆಂಟ್ ಬಿಲ್ ಕೈಗೆ ತೆಗೆದುಕೊಂಡು ನೋಡಿ. ಕರಾರಿನಲ್ಲಿ ಮಗನ ಹೆಸರು, ಬಿಲ್‌ನಲ್ಲಿ ತೀರಿಹೋದ ತಂದೆಯ ಹೆಸರು. ಕರಾರಿನಲ್ಲಿ ಗಾಳಾ ನಂಬರ್ 7, ಬಿಲ್‌ನಲ್ಲಿ ಬರೀ ಸರ್ವೆ ನಂಬರ್. ಅರ್ಜಿ ಪ್ರಶ್ನೆಗೆ ಸಿಕ್ಕಿಕೊಳ್ಳುವುದು ಇಂಥವಕ್ಕೇ. (ಗೋದಾಮಿನ ಒಂದೊಂದು ಘಟಕವನ್ನು ಅಲ್ಲಿ ಗಾಳಾ ಅನ್ನುತ್ತಾರೆ.) ವಿಳಾಸ ಮೂರೂ ಕಡೆ ಅಕ್ಷರ ಅಕ್ಷರಕ್ಕೆ ಒಂದೇ ಇರಲಿ: ಕರಾರು, ಮಾಲೀಕರ ದಾಖಲೆ, ಅರ್ಜಿ.

ಜಿಎಸ್‌ಟಿ ನೋಂದಣಿಯ ಅರ್ಜಿ ಫಾರಂ ಆರ್‌ಇಜಿ-01. ರಾಜ್ಯ ಮಹಾರಾಷ್ಟ್ರ, ಜಿಲ್ಲೆ ಪುಣೆ ಆರಿಸಿ ಅದೇ ಪ್ಯಾನ್ ಕೊಡಬೇಕು. ಮೊದಲ ಭಾಗ ಮುಗಿದರೆ ತಾತ್ಕಾಲಿಕ ನಂಬರ್ ಬರುತ್ತದೆ, ಅದು 15 ದಿನ ಮಾತ್ರ ಇರುತ್ತದೆ. ಎರಡನೇ ಭಾಗದಲ್ಲಿ ಕರ್ನಾಟಕದ ಜಿಎಸ್‌ಟಿ ನಂಬರನ್ನು 'ಈಗಿರುವ ನೋಂದಣಿ' ಎಂದು ನಮೂದಿಸಿ, ಬಿಡಬೇಡಿ. ಬೇಕಾಗುವ ಕಾಗದ: ಕಂಪನಿಯ ನೋಂದಣಿ ಪ್ರಮಾಣಪತ್ರ, ನಿರ್ದೇಶಕರ ವಿವರ ಮತ್ತು ಫೋಟೋ (100 ಕೆಬಿ ಒಳಗೆ), ಸಹಿ ಮಾಡುವವರ ಪರವಾಗಿ ಮಂಡಳಿ ನಿರ್ಣಯ. ನಿರ್ಣಯದಲ್ಲಿ ಪುಣೆಯ ಪೂರ್ತಿ ವಿಳಾಸ ಮತ್ತು 'ಮಹಾರಾಷ್ಟ್ರದಲ್ಲಿ ಜಿಎಸ್‌ಟಿ ನೋಂದಣಿಗಾಗಿ' ಎಂಬ ಮಾತು ಬರಲಿ. ಕರ್ನಾಟಕದ ನೋಂದಣಿಗೆ ಮಾಡಿದ ಹಳೆಯ ನಿರ್ಣಯವನ್ನೇ ಹಾಕಬೇಡಿ. ಕಂಪನಿಗೆ ಡಿಜಿಟಲ್ ಸಹಿ ಕಡ್ಡಾಯ, ಅದರ ಅವಧಿ ಮುಗಿದಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಸಲ್ಲಿಸಿದ ಮೇಲೆ ಆಧಾರ್ ದೃಢೀಕರಣಕ್ಕೆ ಇಮೇಲ್ ಬರುತ್ತದೆ. ಕೆಲವರಿಗೆ ಒಟಿಪಿಯಲ್ಲಿ ಮುಗಿಯುತ್ತದೆ, ಕೆಲವರಿಗೆ ಬಯೋಮೆಟ್ರಿಕ್‌ಗೆ ಜಿಎಸ್‌ಟಿ ಸುವಿಧಾ ಕೇಂದ್ರಕ್ಕೆ ಬರಲು ಹೇಳುತ್ತದೆ. ನಿರ್ದೇಶಕರು ತಮ್ಮ ರಾಜ್ಯದ ಕೇಂದ್ರವನ್ನೇ ಆರಿಸಿಕೊಳ್ಳುವ ಅವಕಾಶ ಕಂಪನಿಗಳಿಗೆ 2025ರಿಂದ ಇದೆ, ಆದರೆ ಮುಖ್ಯ ಸಹಿದಾರರು ಮಹಾರಾಷ್ಟ್ರದ ಕೇಂದ್ರಕ್ಕೇ ಹೋಗಬೇಕು. ಆದ್ದರಿಂದ ಪುಣೆಗೆ ಓಡಾಡಬಲ್ಲವರನ್ನು, ಅಥವಾ ಅಲ್ಲೇ ಇರುವ ಮ್ಯಾನೇಜರ್‌ರನ್ನು ಮುಖ್ಯ ಸಹಿದಾರರನ್ನಾಗಿ ಮಾಡಿ. ದೃಢೀಕರಣ 15 ದಿನದೊಳಗೆ ಮುಗಿಸಿ.

ಎಲ್ಲ ಸರಿಯಿದ್ದರೆ 7 ಕೆಲಸದ ದಿನದಲ್ಲಿ ನಂಬರ್ ಬರಬೇಕು. ಸ್ಥಳ ಪರಿಶೀಲನೆಗೆ ಹಾಕಿದರೆ 30 ದಿನ. ಆರ್‌ಇಜಿ-03ರಲ್ಲಿ ಪ್ರಶ್ನೆ ಬಂದರೆ 7 ಕೆಲಸದ ದಿನದೊಳಗೆ ಆರ್‌ಇಜಿ-04ರಲ್ಲಿ ಉತ್ತರಿಸಬೇಕು, ತಡವಾದರೆ ಅರ್ಜಿ ತಿರಸ್ಕಾರ. "ಸಹಿದಾರರು ಕರ್ನಾಟಕದವರು, ಇಲ್ಲೇಕೆ ನೋಂದಣಿ?" ಎಂಬ ಧಾಟಿಯ ಪ್ರಶ್ನೆ ಬಂದರೆ ಹೆದರಬೇಡಿ. ಸಹಿದಾರರ ಮನೆ ಬೇರೆ ರಾಜ್ಯದಲ್ಲಿದೆ ಎಂಬ ಕಾರಣಕ್ಕೆ ಪ್ರಶ್ನೆ ಹಾಕಬಾರದೆಂದು ಕೇಂದ್ರ ತೆರಿಗೆ ಮಂಡಳಿಯ 17-4-2025ರ ಸೂಚನೆ, ಸಂಖ್ಯೆ 03/2025, ಹೇಳುತ್ತದೆ. ಉತ್ತರದಲ್ಲಿ ಅದನ್ನು ವಿನಯದಿಂದ ಉಲ್ಲೇಖಿಸಿ, ದಾಖಲೆ ಲಗತ್ತಿಸಿ. ಪರಿಶೀಲನೆಗೆ ಬರುವ ಹೊತ್ತಿಗೆ ಗೋದಾಮಿಗೆ ಬೋರ್ಡ್ ಇರಲಿ, ಬಾಗಿಲು ತೆಗೆದಿರಲಿ, ಉತ್ತರ ಹೇಳಬಲ್ಲ ಒಬ್ಬರು ಇರಲಿ.

ಬೋರ್ಡ್ ಬಗ್ಗೆ ಒಂದು ಮಾತು. ನಮ್ಮಲ್ಲಿ ಶೇ. 60 ಕನ್ನಡ ಇರಬೇಕೆಂಬ ಹಾಗೆ, ಅಲ್ಲಿ ಹೆಸರು ದೇವನಾಗರಿ ಲಿಪಿಯ ಮರಾಠಿಯಲ್ಲಿ ಮೊದಲು ಇರಬೇಕು, ಬೇರೆ ಲಿಪಿಯ ಅಕ್ಷರ ಅದಕ್ಕಿಂತ ದೊಡ್ಡದಿರಬಾರದು. 2022ರ ತಿದ್ದುಪಡಿಯ ನಂತರ ಸಣ್ಣ ಅಂಗಡಿಗೂ ವಿನಾಯಿತಿ ಇಲ್ಲ. ಕಂಪನಿ ಕಾಯ್ದೆಯ ಕಲಂ 12 ಕೂಡ ವ್ಯಾಪಾರ ನಡೆಯುವ ಪ್ರತಿ ಜಾಗದಲ್ಲಿ ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸವನ್ನು ಸ್ಥಳೀಯ ಲಿಪಿಯಲ್ಲೂ ಬರೆಸಬೇಕೆನ್ನುತ್ತದೆ. ಅದೇ ಬೋರ್ಡಿನಲ್ಲಿ ಹೊಸ ಜಿಎಸ್‌ಟಿ ನಂಬರನ್ನೂ ಬರೆಸಿಬಿಡಿ, ಅದೂ ಕಡ್ಡಾಯ.

ಬಂದ ನಂಬರ್ ನೋಡಿದರೆ ಪ್ಯಾನಿನ 10 ಅಕ್ಷರ ಹಾಗೇ ಇರುತ್ತವೆ, ಅದಕ್ಕೂ ಮೊದಲು ಬರುವ ರಾಜ್ಯದ ಅಂಕಿ ಮಾತ್ರ ಕರ್ನಾಟಕದ 29 ಹೋಗಿ ಮಹಾರಾಷ್ಟ್ರದ 27 ಆಗಿರುತ್ತದೆ. ಆ ಎರಡು ಅಂಕಿಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಜಿಎಸ್‌ಟಿ ಕಣ್ಣಿಗೆ 29 ಒಬ್ಬ ಮನುಷ್ಯ, 27 ಇನ್ನೊಬ್ಬ. ಕಂಪನಿ ಒಂದೇ ಆದರೂ ಶಿರಾದಿಂದ ಪುಣೆಗೆ ಹೋಗುವ ಸರಕು ಮಾರಾಟವಿದ್ದಂತೆ, ದುಡ್ಡು ಕೈ ಬದಲಾಗದಿದ್ದರೂ ತೆರಿಗೆ ಇದೆ. ಬರೀ ಡೆಲಿವರಿ ಚಲನ್ (ತೆರಿಗೆ ಬಿಲ್ ಅಲ್ಲದ ಸಾಗಣೆ ಚೀಟಿ) ಹಾಕಿ ಕಳಿಸುವುದು ತಪ್ಪು.

ಲೆಕ್ಕ ಹೀಗೆ. 4,00,000 ಬೆಲೆಯ ಎಣ್ಣೆಗೆ ಶಿರಾ 29ರಿಂದ 27ಕ್ಕೆ ಟ್ಯಾಕ್ಸ್ ಇನ್ವಾಯ್ಸ್, ಐಜಿಎಸ್‌ಟಿ ಶೇ. 5, ಅಂದರೆ 20,000. ಪುಣೆ ಅದನ್ನು 4,60,000ಕ್ಕೆ ಮಾರಿದರೆ ಸಿಜಿಎಸ್‌ಟಿ (ಕೇಂದ್ರದ ಪಾಲು) 11,500, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 11,500. ಕೈಯಲ್ಲಿರುವ 20,000 ಐಜಿಎಸ್‌ಟಿ ಕ್ರೆಡಿಟ್ಟನ್ನು (ಸರಕು ಬರುವಾಗ ಕಟ್ಟಿದ ತೆರಿಗೆ, ಮಾರುವಾಗಿನ ತೆರಿಗೆಯಲ್ಲಿ ಕಳೆಯುವಂಥದ್ದು) ಎರಡಕ್ಕೂ ಬಳಸಬಹುದು, ನಗದು ಕಟ್ಟುವುದು 3,000 ಮಾತ್ರ. ಪುಣೆಗೆ ಪೂರ್ತಿ ಕ್ರೆಡಿಟ್ ಸಿಗುವಂತಿದ್ದರೆ ಇನ್ವಾಯ್ಸ್‌ನಲ್ಲಿ ಹಾಕಿದ ಬೆಲೆಯನ್ನೇ ಜಿಎಸ್‌ಟಿ ನಿಯಮ 28 ಒಪ್ಪುತ್ತದೆ. ಆದರೆ ಸರಕು ಮಾರಾಟವಾಗದೆ ಕೂತರೆ ಆ 20,000 ಕೂಡ ಅಲ್ಲೇ ಕೂರುತ್ತದೆ. 27ರ ಕ್ರೆಡಿಟ್ಟನ್ನು 29ಕ್ಕೆ ಸುಮ್ಮನೆ ವರ್ಗಾಯಿಸಲು ಬರುವುದಿಲ್ಲ. ಹಾಗಾಗಿ ಮೊದಲ ಮೂರು ತಿಂಗಳು ಸಣ್ಣ ಸಣ್ಣ ಲೋಡ್ ಕಳಿಸಿ ಎಂದೇ ನನ್ನ ಸಲಹೆ.

ರಾಗಿಯಲ್ಲಿ ಎರಡು ಥರ. ಲೇಬಲ್ ಇಲ್ಲದ ಮೂಟೆ ರಾಗಿಗೆ ತೆರಿಗೆ ಇಲ್ಲ, ಅದಕ್ಕೆ ಬಿಲ್ ಆಫ್ ಸಪ್ಲೈ (ತೆರಿಗೆ ಹಾಕದ ಬಿಲ್). ಲೇಬಲ್ ಅಂಟಿಸಿದ ಪ್ಯಾಕೆಟ್ ಹಿಟ್ಟಿಗೆ ಶೇ. 5. ತೆರಿಗೆ ಇಲ್ಲದ್ದನ್ನೂ ಮಾರುವುದರಿಂದ ಬಾಡಿಗೆ, ಸಾಗಣೆಯಂಥ ಸಮಾನ ಖರ್ಚಿನ ಕ್ರೆಡಿಟ್ಟಿನಲ್ಲಿ ಅದರ ಪಾಲನ್ನು ಬಿಟ್ಟುಕೊಡಬೇಕು. ಬಾಡಿಗೆಯಲ್ಲೂ ಒಂದು ಗುಂಡಿ ಇದೆ: ಗೋದಾಮಿನ ಮಾಲೀಕರಿಗೆ ಜಿಎಸ್‌ಟಿ ನಂಬರ್ ಇಲ್ಲದಿದ್ದರೆ, 10-10-2024ರಿಂದ ಬಾಡಿಗೆ ಮೇಲಿನ ಶೇ. 18 ತೆರಿಗೆಯನ್ನು ಬಾಡಿಗೆದಾರರಾದ ನೀವೇ ಕಟ್ಟಬೇಕು, ಅದೂ ನಗದಾಗಿ. 20,000ಕ್ಕೆ ತಿಂಗಳಿಗೆ 3,600. ಬಾಡಿಗೆ ಚೌಕಾಸಿ ಮಾಡುವಾಗಲೇ ಇದು ತಲೆಯಲ್ಲಿರಲಿ.

ನಂಬರ್ ಬರುವ ಮುಂಚೆ ಲಾರಿ ಹೊರಡಿಸಬೇಡಿ. 50,000 ಮೀರಿದ ಲೋಡಿಗೆ ಇ-ವೇ ಬಿಲ್ (ಸಾಗಣೆಗೆ ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ) ಬೇಕು. ಕಾಗದ ಸರಿಯಿಲ್ಲದೆ ದಾರಿಯಲ್ಲಿ ಹಿಡಿದರೆ ಜಿಎಸ್‌ಟಿ ಕಾಯ್ದೆಯ ಕಲಂ 129ರಲ್ಲಿ ತೆರಿಗೆಯ ಎರಡು ಪಟ್ಟು ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಮೇಲಿನ ಲೋಡಿನ ಲೆಕ್ಕದಲ್ಲಿ ಅದು 40,000.

ನೋಂದಣಿಯಾದ 30 ದಿನದೊಳಗೆ, ಮೊದಲ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹಾಕುವ ಮುಂಚೆ, ಬ್ಯಾಂಕ್ ಖಾತೆ ವಿವರ ಸೇರಿಸಿ. ಶಿರಾದಲ್ಲಿರುವ ಕಂಪನಿ ಖಾತೆಯೇ ಆಗುತ್ತದೆ. ಸೇರಿಸದಿದ್ದರೆ ನೋಂದಣಿ ಅಮಾನತಾಗುತ್ತದೆ. ಪುಣೆಯ ರಿಟರ್ನ್ಸ್ ಬೇರೆಯೇ, ವ್ಯಾಪಾರ ಇಲ್ಲದ ತಿಂಗಳಲ್ಲೂ ಶೂನ್ಯ ರಿಟರ್ನ್ ಹಾಕಬೇಕು. ಆಡಿಟರ್ ಫೀಸು, ಸಾಫ್ಟ್‌ವೇರ್ ಬಾಡಿಗೆಯಂಥ ಎರಡೂ ಕಡೆಗೆ ಸೇರಿದ ಬಿಲ್ ಮುಖ್ಯ ಕಚೇರಿಗೆ ಬಂದರೆ 1-4-2025ರಿಂದ ಐಎಸ್‌ಡಿ ಎಂಬ ಇನ್ನೊಂದು ನೋಂದಣಿಯ ಮೂಲಕವೇ ಕ್ರೆಡಿಟ್ ಹಂಚಬೇಕು. ಯಾರಿಂದ ಸಾಧ್ಯವೋ ಅವರಿಂದ ಎರಡು ನಂಬರಿಗೆ ಎರಡು ಬಿಲ್ ಪಡೆಯುವುದು ಸಣ್ಣ ಕಂಪನಿಗೆ ಸುಲಭ, ಉಳಿದದ್ದಕ್ಕೆ ಆಡಿಟರ್ ಜೊತೆ ಕೂತು ಮಾತಾಡಿ.

ಮಿಕ್ಕವು ಬೇಗ ಹೇಳುತ್ತೇನೆ. ವೃತ್ತಿ ತೆರಿಗೆ: ಕಂಪನಿಯ ಹೆಸರಲ್ಲೇ ಪಿಟಿಇಸಿ ಎಂಬ ನೋಂದಣಿ ಮಾಡಿಸಿ ವರ್ಷಕ್ಕೆ 2,500 ಕಟ್ಟಬೇಕು. ನೌಕರರ ಸಂಬಳದಿಂದ ಹಿಡಿದು ಕಟ್ಟಲು ಪಿಟಿಆರ್‌ಸಿ ಎಂಬ ಇನ್ನೊಂದು ನೋಂದಣಿ, ತಿಂಗಳಿಗೆ ಗಂಡಸರಿಗೆ 7,500, ಹೆಂಗಸರಿಗೆ 25,000 ದಾಟಿದ ಸಂಬಳಕ್ಕೆ. ಕರ್ನಾಟಕದಲ್ಲಿ ಕಟ್ಟಿದ್ದೇವೆ ಎಂದರೆ ಅಲ್ಲಿ ನಡೆಯುವುದಿಲ್ಲ. ಅಂಗಡಿ ಕಾಯ್ದೆ: ನಾಲ್ಕೈದು ಜನರಿದ್ದರೆ ನೋಂದಣಿ ಬೇಡ, 60 ದಿನದೊಳಗೆ ಫಾರಂ ಎಫ್‌ನಲ್ಲಿ ಆನ್‌ಲೈನ್ ಮಾಹಿತಿ ಕೊಟ್ಟರೆ ಸಾಕು. ಆಹಾರ ಲೈಸೆನ್ಸ್ ಜಾಗಕ್ಕೆ ಸೇರಿದ್ದು, ಕಂಪನಿಗಲ್ಲ. ಪುಣೆ ಗೋದಾಮಿಗೆ ಬೇರೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಬೇಕು, ಎರಡು ರಾಜ್ಯದಲ್ಲಿ ಘಟಕ ಆದ ಮೇಲೆ ಮುಖ್ಯ ಕಚೇರಿಗೆ ಕೇಂದ್ರ ಲೈಸೆನ್ಸ್ ಬೇಕು. ಶಿರಾದಲ್ಲಿ ಪ್ಯಾಕ್ ಆದದ್ದನ್ನು ಹಾಗೇ ಮಾರುವವರೆಗೆ ಲೇಬಲ್ ಬದಲಿಸಬೇಕಿಲ್ಲ. ಪುಣೆಯಲ್ಲಿ ಡಬ್ಬಿಯಿಂದ ಬಾಟಲಿಗೆ ತುಂಬಲು ಶುರು ಮಾಡಿದರೆ ನೀವು ಅಲ್ಲಿನ ಪ್ಯಾಕರ್: ತೂಕ ಮತ್ತು ಅಳತೆ ಇಲಾಖೆಯಲ್ಲಿ 90 ದಿನದೊಳಗೆ ನೋಂದಣಿ, ತಕ್ಕಡಿಗೆ ಮುದ್ರೆ, ಲೇಬಲ್‌ನಲ್ಲಿ ಆ ವಿಳಾಸ, ಲೈಸೆನ್ಸಿನ ದರ್ಜೆಯೂ ಬೇರೆ. ಮೊದಲ ವರ್ಷ ಆ ಕೆಲಸ ಶಿರಾದಲ್ಲೇ ಇರಲಿ.

ವ್ಯಾಪಾರ ಕೈಹಿಡಿಯದೆ ಗೋದಾಮು ಮುಚ್ಚುವುದಾದರೆ ಕ್ರಮ ತಪ್ಪಬೇಡಿ. ಮೊದಲು ಉಳಿದ ಸರಕನ್ನೆಲ್ಲ 27ರಿಂದ 29ಕ್ಕೆ ಇನ್ವಾಯ್ಸ್ ಹಾಕಿ ವಾಪಸ್ ಕಳಿಸಿ, ಕ್ರೆಡಿಟ್ ಮನೆಗೆ ಬರುವ ದಾರಿ ಅದೊಂದೇ. ಆಮೇಲೆ ಆರ್‌ಇಜಿ-16ರಲ್ಲಿ ರದ್ದತಿಗೆ ಅರ್ಜಿ, ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಜಿಎಸ್‌ಟಿಆರ್-10. ಪಿಟಿಇಸಿ, ಆಹಾರ ಲೈಸೆನ್ಸುಗಳನ್ನೂ ಅದೇ ವಾರ ಮರಳಿಸಿಬಿಡಿ.

ಸರ್, ಮೆಮೊರಾಂಡಂನ ಆ ರಾಜ್ಯಗಳ ಸಾಲಿನ ಫೋಟೋ ಮತ್ತು ಗೋದಾಮು ಮಾಲೀಕರ ಕರೆಂಟ್ ಬಿಲ್‌ನಲ್ಲಿ ವಿಳಾಸ ಹೇಗಿದೆ ಎಂಬುದನ್ನು ಇಲ್ಲಿ ಹಾಕಿ, ಹೆಸರು ಮತ್ತು ನಂಬರ್ ಮುಚ್ಚಿ. ಅರ್ಜಿಗೆ ಮುಂಚೆ ಏನು ಸರಿಪಡಿಸಬೇಕು ಎಂದು ನೋಡಿ ಹೇಳುತ್ತೇನೆ.