ರಾಯಚೂರಿನ ಬಿಸಿಲಿಗೆ ಕಣ್ಣಿನ ಪೊರೆ: ವಿಟಮಿನ್ ಮಾತ್ರೆ ತಡೆಯುತ್ತದಾ?

ಅಪ್ಪ ಸಿಂಧನೂರಿನ ಗದ್ದೆಯಲ್ಲಿ ದಿನವಿಡೀ ಬಿಸಿಲಲ್ಲಿರುತ್ತಾರೆ, ವಿಟಮಿನ್ ಮಾತ್ರೆ ಕೊಟ್ಟರೆ ಪೊರೆ ಬರೋದಿಲ್ವಾ ಅಂತ ಕೇಳಿದ್ದೀರಿ. ಬರೀ ಮಾತ್ರೆ ನಂಬಬೇಡಿ.

ಕಣ್ಣಿನ ಮಸೂರದ ನಡುಭಾಗದ ಪ್ರೋಟೀನ್ ಹುಟ್ಟಿದಾಗಿನದೇ. ಕೆಟ್ಟರೆ ಹೊಸದು ಬರುವುದಿಲ್ಲ. ಬಿಸಿಲಿನ ನೇರಳಾತೀತ (ಯುವಿ) ಕಿರಣದಿಂದ ಫ್ರೀ ರಾಡಿಕಲ್‌ಗಳು, ಅಂದರೆ ಪಕ್ಕದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಅಣುಗಳು, ಹುಟ್ಟಿ ಅದನ್ನು ಕೆಡಿಸುತ್ತವೆ. ಕೆಟ್ಟ ಪ್ರೋಟೀನ್ ಗಂಟುಗಟ್ಟಿ ಮಸೂರ ಮಬ್ಬಾಗುತ್ತದೆ, ಅದೇ ಪೊರೆ. ವಿಟಮಿನ್ ಸಿ ಆ ರಾಡಿಕಲ್‌ಗಳಿಗೆ ತನ್ನ ಎಲೆಕ್ಟ್ರಾನ್ ಕೊಟ್ಟು ಸುಮ್ಮನಾಗಿಸುತ್ತದೆ. ಮಸೂರದ ಮುಂದಿರುವ ದ್ರವದಲ್ಲಿ ಅದು ರಕ್ತದಲ್ಲಿರುವುದಕ್ಕಿಂತ ಸುಮಾರು 20 ಪಟ್ಟು ಜಾಸ್ತಿ! ವಿಟಮಿನ್ ಇ ಜೀವಕೋಶದ ಹೊರಪದರದ ಕೊಬ್ಬನ್ನು ಕಾಯುತ್ತದೆ.

ಆದರೆ 2001ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಇದೇ ವಿಟಮಿನ್‌ಗಳ ಮಾತ್ರೆ ಪೊರೆಯನ್ನು ತಡೆಯಲಿಲ್ಲ. ಪೇರಲ, ನೆಲ್ಲಿಕಾಯಿ, ಶೇಂಗಾ ಊಟದಲ್ಲೇ ಸಿಗಲಿ. ಅಗಲ ಅಂಚಿನ ಟೋಪಿ, ಯುವಿ ತಡೆಯುವ ಕನ್ನಡಕ ಕೊಡಿಸಿ. ಬೀಡಿ ಸೇದುತ್ತಿದ್ದರೆ ಮೊದಲು ಅದನ್ನು ಬಿಡಿಸಿ.