ಓದುಗರ ಪ್ರಶ್ನೆ: ಓಟಿಟಿ ಬಂದ ಮೇಲೆ ಕೇಬಲ್ ಉಳಿಯುವುದೇ?

ಪ್ರಶ್ನೆ: ನನ್ನ ತಮ್ಮ ನಮ್ಮ ಹೋಬಳಿ ಊರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೇಬಲ್ ನಡೆಸುತ್ತಿದ್ದಾನೆ. ಡಿಪ್ಲೊಮಾ ಮುಗಿಸಿದ ಅವನ ಮಗ ಈಗ ಅದನ್ನೇ ವಹಿಸಿಕೊಳ್ಳಲು ಹೊರಟಿದ್ದಾನೆ. ಸಿನಿಮಾ ತೋರಿಸುವ ಓಟಿಟಿಗಳಿಗೆ ಎಲ್ಲರೂ ಚಂದಾ ಕಟ್ಟುತ್ತಿರುವಾಗ ಕೇಬಲ್, ಡಿಟಿಎಚ್ ಎರಡೂ ಇನ್ನು ಕೆಲವೇ ವರ್ಷ ಎಂದು ಜನ ಹೇಳುತ್ತಾರೆ. ಇದು ನಿಜವೇ? ಹುಡುಗನಿಗೆ ನಾನು ಏನು ಹೇಳಲಿ?
– ನಿವೃತ್ತ ಶಿಕ್ಷಕರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ನಿಮ್ಮ ಆತಂಕಕ್ಕೆ ಕಾರಣವಿದೆ. ದೂರಸಂಪರ್ಕ ಮತ್ತು ಟಿವಿ ಪ್ರಸಾರದ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಪ್ರಕಟಿಸುವ ಲೆಕ್ಕದ ಪ್ರಕಾರ, ಹಣ ಕೊಟ್ಟು ಡಿಟಿಎಚ್ ನೋಡುವ ಸಕ್ರಿಯ ಚಂದಾದಾರರು 2020ರ ಕೊನೆಯಲ್ಲಿ 7 ಕೋಟಿ ದಾಟಿದ್ದರು. 2024ರ ಮಾರ್ಚ್ ಹೊತ್ತಿಗೆ ಆ ಸಂಖ್ಯೆ 6.2 ಕೋಟಿಯ ಆಸುಪಾಸಿಗೆ ಇಳಿದಿತ್ತು. ಕೇಬಲ್ ಸಂಪರ್ಕಗಳೂ ಕಡಿಮೆಯಾಗುತ್ತಿವೆ. ಆದರೆ ಈ ಇಳಿಕೆಯನ್ನೆಲ್ಲ ಸಿನಿಮಾಗಳ ತಲೆಗೆ ಕಟ್ಟಿದರೆ ಹುಡುಗನಿಗೆ ತಪ್ಪು ಸಲಹೆ ಕೊಟ್ಟಂತಾಗುತ್ತದೆ.

ನೆಟ್‌ಫ್ಲಿಕ್ಸ್ ಮತ್ತು ಅಮೆಜಾನ್ ಪ್ರೈಮ್ ವಿಡಿಯೊ ನಮ್ಮ ದೇಶಕ್ಕೆ ಬಂದದ್ದು 2016ರಲ್ಲಿ. ಅವುಗಳಿಗೆ ಚಂದಾ ಕಟ್ಟಿದ ಮನೆಗಳಲ್ಲಿಯೂ ಕೇಬಲ್ ಹಾಗೆಯೇ ಇತ್ತು, ಏಕೆಂದರೆ ಸಂಜೆಯ ಧಾರಾವಾಹಿ, ವಾರ್ತೆ, ಕ್ರಿಕೆಟ್ ಎಲ್ಲವೂ ಅಲ್ಲಿಯೇ ಸಿಗುತ್ತಿದ್ದವು. 2020ರಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ ಜುಲೈ ತಿಂಗಳಿನಿಂದ ಕನ್ನಡ ಚಿತ್ರಗಳೂ ನೇರವಾಗಿ ಓಟಿಟಿಯಲ್ಲಿ ಬಿಡುಗಡೆಯಾಗತೊಡಗಿದವು. ಯುಗಾದಿಗೋ ದಸರೆಗೋ ‘ಟಿವಿಯಲ್ಲಿ ಮೊದಲ ಬಾರಿಗೆ’ ಎಂದು ಚಾನೆಲ್‌ಗಳು ಹೊಸ ಚಿತ್ರ ಹಾಕುವಾಗ ಮನೆಮಂದಿಯೆಲ್ಲ ಕಾದು ಕೂರುತ್ತಿದ್ದ ಕಾಲ ಅಲ್ಲಿಂದ ಸಡಿಲವಾಯಿತು. ಚಾನೆಲ್‌ಗೆ ಅದು ನಷ್ಟವೇ. ಆದರೂ ಒಂದು ಸಿನಿಮಾ ಬೇರೆ ಕಡೆ ಸಿಕ್ಕಿತೆಂದು ಯಾರೂ ಕೇಬಲ್ ತೆಗೆಸುವುದಿಲ್ಲ. ದಿನವೂ ನೋಡುವ ಧಾರಾವಾಹಿಯೇ ಬೇರೆ ಕಡೆ ಸಿಗತೊಡಗಿದಾಗ ತೆಗೆಸುತ್ತಾರೆ.

ಇಲ್ಲಿ ಚಾನೆಲ್ ನಡೆಸುವವರನ್ನೂ ಚಾನೆಲನ್ನು ಮನೆಗೆ ತಲುಪಿಸುವವರನ್ನೂ ಬೇರೆ ಬೇರೆಯಾಗಿ ನೋಡಬೇಕು. ಜೀ ಕನ್ನಡದ ಧಾರಾವಾಹಿ ಜೀ5ರಲ್ಲಿದೆ, ಉದಯ ವಾಹಿನಿಯದು ಸನ್ ನೆಕ್ಸ್ಟ್‌ನಲ್ಲಿದೆ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ್ದು ಜಿಯೊಹಾಟ್‌ಸ್ಟಾರ್‌ನಲ್ಲಿದೆ. ಅಂದರೆ ಚಾನೆಲ್‌ನ ಒಡೆಯರು ಒಂದೇ ಸರಕನ್ನು ಎರಡು ಅಂಗಡಿಗಳಲ್ಲಿ ಮಾರುತ್ತಿದ್ದಾರೆ. ಕೆಲವೊಮ್ಮೆ ಟಿವಿಗಿಂತ ಮೊದಲೇ ಆ್ಯಪ್‌ನಲ್ಲಿ ಸಂಚಿಕೆ ಕೊಡುತ್ತಾರೆ. 2023ರಲ್ಲಿ ಐಪಿಎಲ್ ಪಂದ್ಯಗಳನ್ನು ಜಿಯೊಸಿನಿಮಾ ಉಚಿತವಾಗಿಯೇ ತೋರಿಸಿತು. ಅದೇ ಪಂದ್ಯಕ್ಕಾಗಿ ಕೇಬಲ್ ಗ್ರಾಹಕ ಕ್ರೀಡಾ ಚಾನೆಲ್‌ಗೆ ಬೇರೆಯಾಗಿ ಹಣ ತೆರಬೇಕಾಗಿತ್ತು. ಮನೆಯೊಡತಿ ಧಾರಾವಾಹಿಯನ್ನು ಹಗಲಲ್ಲಿ ಫೋನಿನಲ್ಲಿ ನೋಡಿ ಮುಗಿಸಿ, ಮಕ್ಕಳು ಕ್ರಿಕೆಟನ್ನು ಫೋನಿನಲ್ಲಿಯೇ ನೋಡುವಂತಾದ ಮೇಲೆ ಸೆಟ್ ಟಾಪ್ ಬಾಕ್ಸ್‌ಗೆ ಉಳಿಯುವ ಕೆಲಸವೇನು?

ನಿಯಮಗಳೂ ತಲುಪಿಸುವವರ ಮೇಲೆಯೇ ಭಾರ ಹೇರಿವೆ. 2019ರ ಫೆಬ್ರುವರಿಯಲ್ಲಿ ಹೊಸ ದರ ಪದ್ಧತಿ ಜಾರಿಗೆ ಬಂದಾಗ ಹಣ ಕೊಡಬೇಕಾದ ಒಂದೇ ಒಂದು ಚಾನೆಲ್ ಆರಿಸಿಕೊಳ್ಳುವ ಮೊದಲೇ ಗ್ರಾಹಕ ತಿಂಗಳಿಗೆ 130 ರೂಪಾಯಿವರೆಗೆ ಸಂಪರ್ಕ ಶುಲ್ಕ, ಅದರ ಮೇಲೆ ಶೇ 18 ತೆರಿಗೆ, ಒಟ್ಟು 153 ರೂಪಾಯಿ 40 ಪೈಸೆವರೆಗೆ ತೆರುವಂತಾಯಿತು. ನೆಟ್‌ಫ್ಲಿಕ್ಸ್ 2021ರ ಕೊನೆಯಲ್ಲಿ ಮೊಬೈಲ್‌ನ ತಿಂಗಳ ಚಂದಾವನ್ನು 149 ರೂಪಾಯಿಗೆ ಇಳಿಸಿತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಯುವಕರು ಯಾವುದರ ಕಡೆ ವಾಲುತ್ತಾರೆಂದು ಹೇಳಬೇಕಾಗಿಲ್ಲ. ಡಿಟಿಎಚ್ ಕಂಪನಿಗಳು ತಮ್ಮ ಹೊಂದಾಣಿಕೆಯ ಆದಾಯದ (ಒಟ್ಟು ಆದಾಯದಲ್ಲಿ ತೆರಿಗೆ ಕಳೆದು ಉಳಿದದ್ದು) ಶೇ 8ರಷ್ಟನ್ನು ಪರವಾನಗಿ ಶುಲ್ಕವಾಗಿ ಸರಕಾರಕ್ಕೆ ಕಟ್ಟುತ್ತ ಬಂದಿವೆ, ಓಟಿಟಿಗೆ ಅಂಥ ಶುಲ್ಕವಿಲ್ಲ. 2024ರ ಜುಲೈನಲ್ಲಿ ಟ್ರಾಯ್ ಸಂಪರ್ಕ ಶುಲ್ಕದ ಮಿತಿಯನ್ನು ತೆಗೆದುಹಾಕಿತು, ಆದರೆ ಗ್ರಾಹಕರು ಎದ್ದು ಹೋಗುತ್ತಿರುವಾಗ ದರ ಏರಿಸುವ ಸ್ವಾತಂತ್ರ್ಯದಿಂದ ಯಾರಿಗೆ ಲಾಭ? ಒಂದೇ ಪರದೆಗೆ ಒಂದೇ ಕಾರ್ಯಕ್ರಮ ತಲುಪಿಸುವ ಇಬ್ಬರಿಗೆ ಎರಡು ಬಗೆಯ ಕಾನೂನು ಇರುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ನಿಮ್ಮ ತಮ್ಮನಂಥವರಿಗೆ ಕಾಲವೂ ಒದಗಿಬರಲಿಲ್ಲ. ಸೆಟ್ ಟಾಪ್ ಬಾಕ್ಸ್ ಕಡ್ಡಾಯ ಮಾಡಿದ ಕೇಬಲ್ ಡಿಜಿಟಲೀಕರಣ ಬೆಂಗಳೂರು, ಮೈಸೂರುಗಳಿಗೆ 2013ರಲ್ಲಿ ಬಂದರೆ ಹೋಬಳಿ ಊರುಗಳಿಗೆ ಗಡುವು ಇದ್ದದ್ದು 2017ರ ಮಾರ್ಚ್ 31. ಸಾಲ ಮಾಡಿ ಮನೆ ಮನೆಗೆ ಬಾಕ್ಸ್ ಕೂರಿಸುತ್ತಿದ್ದ ಆ ದಿನಗಳಲ್ಲಿಯೇ, ಅಂದರೆ 2016ರ ಸೆಪ್ಟೆಂಬರ್‌ನಲ್ಲಿ, ಜಿಯೊ ಬಂದು ಮೊಬೈಲ್ ಡೇಟಾ ಅಗ್ಗವಾಯಿತು. (ಹಿಂದಿ ಸೀಮೆಯಲ್ಲಿ ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್‌ಗೆ ಹೋದವರೂ ಬಹಳ, ಅದು ಓಟಿಟಿಯ ಲೆಕ್ಕಕ್ಕೆ ಸೇರಬೇಕಾದ ನಷ್ಟವಲ್ಲ.)

ಇಷ್ಟಾದರೂ ಹುಡುಗನಿಗೆ ಬೇಡವೆನ್ನಲು ನನಗೆ ಮನಸ್ಸಿಲ್ಲ. ಎಚ್‌ಡಿ ಗುಣಮಟ್ಟದ ವಿಡಿಯೊ ಗಂಟೆಗೆ 3 ಜಿಬಿಯವರೆಗೆ ಡೇಟಾ ತಿನ್ನುತ್ತದೆ. ದಿನಕ್ಕೆ 1.5 ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನಿಂದ ದೊಡ್ಡ ಟಿವಿಯಲ್ಲಿ ಮನೆಮಂದಿ ಕೂತು ಸಂಜೆಯೆಲ್ಲ ನೋಡಲು ಸಾಧ್ಯವೇ ಇಲ್ಲ. ಓಟಿಟಿ ಟಿವಿಗೆ ಬರಬೇಕಾದರೆ ಸಾಮಾನ್ಯವಾಗಿ ಮನೆಗೊಂದು ತಂತಿ ಬೇಕು, ಆ ತಂತಿಯನ್ನು ಕಂಬದಿಂದ ಕಂಬಕ್ಕೆ ಎಳೆದು, ಮಳೆಗಾಲದಲ್ಲಿ ಮರ ಬಿದ್ದಾಗ ಏಣಿ ಹೊತ್ತು ಹೋಗಿ ಕೂಡಿಸಬಲ್ಲವರು ಊರಿನಲ್ಲಿ ಕೇಬಲ್‌ನವರೇ. ನಮ್ಮ ಬೀದಿಯ ಕೇಬಲ್‌ನವರು ಈಚೆಗೆ ತಮ್ಮ ವಸೂಲಿ ಪುಸ್ತಕವನ್ನು ನನ್ನ ಮುಂದೆ ಬಿಡಿಸಿದರು. ಮುಂಭಾಗದಲ್ಲಿ ಟಿವಿ ಸಂಪರ್ಕಗಳು, ಪುಟಕ್ಕೆ ಐದಾರು ಹೆಸರುಗಳ ಮೇಲೆ ಕೆಂಪು ಗೆರೆ. ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ತೆರೆದರೆ ಅಲ್ಲಿ ‘ನೆಟ್’ ಎಂದು ತಲೆಬರಹ. ಗೆರೆ ಎಳೆಸಿಕೊಂಡಿದ್ದ ಹೆಸರುಗಳಲ್ಲಿ ಹಲವು ಅಲ್ಲಿ ಮತ್ತೆ ಬಂದಿದ್ದವು, ಅದೂ ಹಿಂದಿಗಿಂತ ದೊಡ್ಡ ಮೊತ್ತದ ಎದುರು. ಬೆಂಗಳೂರಿನ ಆ್ಯಕ್ಟ್ ಕಂಪನಿಯೂ ಕೇಬಲ್ ಟಿವಿಯಿಂದಲೇ ಹೊರಟು ಬ್ರಾಡ್‌ಬ್ಯಾಂಡ್‌ಗೆ ಬೆಳೆದದ್ದು.

ಆದ್ದರಿಂದ ವ್ಯವಹಾರ ವಹಿಸಿಕೊಳ್ಳುವ ಮೊದಲು ಹುಡುಗ ಎರಡು ವಿಷಯ ವಿಚಾರಿಸಲಿ. ಊರಿನಲ್ಲಿರುವುದು ಹಳೆಯ ಕಪ್ಪು ಕೇಬಲ್ಲೋ, ಮನೆಯವರೆಗೂ ಫೈಬರ್ ಎಳೆದಿದೆಯೋ? ಹಳೆಯದೇ ಆದರೆ ಅದನ್ನು ಬದಲಿಸುವ ಬಂಡವಾಳದ ಲೆಕ್ಕ ಮೊದಲು ಆಗಬೇಕು. ಎರಡನೆಯದು ಇಂಟರ್ನೆಟ್ ಕೊಡುವ ಕಂಪನಿಯೊಂದಿಗಿನ ಕರಾರು. ಟಿವಿಯಲ್ಲಾದರೆ ಬೇರೆ ಒಪ್ಪಂದವಿಲ್ಲದಿದ್ದಾಗ ಸಂಪರ್ಕ ಶುಲ್ಕವನ್ನು ಸಿಗ್ನಲ್ ಕೊಡುವ ದೊಡ್ಡ ಕೇಬಲ್ ಸಂಸ್ಥೆಗೆ ಶೇ 55, ಸ್ಥಳೀಯ ಆಪರೇಟರ್‌ಗೆ ಶೇ 45ರಂತೆ ಹಂಚಬೇಕೆಂದು ಟ್ರಾಯ್ ಹೇಳಿದೆ. ಇಂಟರ್ನೆಟ್ಟಿಗೆ ಅಂಥ ರಕ್ಷಣೆ ಇಲ್ಲವಾದ್ದರಿಂದ ಪಾಲು ಎಷ್ಟು, ಗ್ರಾಹಕ ಯಾರ ಹೆಸರಿನಲ್ಲಿರುತ್ತಾನೆ, ಫೈಬರ್ ಯಾರ ಆಸ್ತಿ ಎಂಬ ಮೂರೂ ಮಾತುಗಳನ್ನು ಬರಹದಲ್ಲಿ ಪಡೆಯದೆ ಸಹಿ ಹಾಕಬಾರದು.

ಪ್ರಶ್ನೆ: ಮನೆಗೆ ಫೈಬರ್ ಹಾಕಿಸಿದ್ದೇವೆ, ಓಟಿಟಿಯೂ ಇದೆ. ಎಂಬತ್ತು ದಾಟಿದ ಅತ್ತೆಯವರು ಮಾತ್ರ ಟಿವಿ ಬಿಟ್ಟು ಬೇರೇನೂ ನೋಡುವುದಿಲ್ಲ. ಡಿಶ್ ತೆಗೆಸಬಹುದೇ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ತೆಗೆಸಬೇಡಿ. ನಂಬರ್ ಒತ್ತಿದ ಕೂಡಲೇ ತಮ್ಮ ಚಾನೆಲ್ ಬರುವುದು ಅವರ ಪಾಲಿಗೆ ದೊಡ್ಡ ಅನುಕೂಲ. ಆ್ಯಪ್ ತೆರೆದು, ಹುಡುಕಿ, ಲಾಗಿನ್ ಮಾಡಲು ಪ್ರತಿ ಸಲ ಇನ್ನೊಬ್ಬರನ್ನು ಕರೆಯುವಂತಾದರೆ ಅವರು ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಖರ್ಚು ಇಳಿಸಬೇಕಿದ್ದರೆ ಕಂಪನಿಯವರು ಕಟ್ಟಿಕೊಟ್ಟ ದೊಡ್ಡ ಪ್ಯಾಕ್ ಬಿಟ್ಟು, ಅತ್ತೆಯವರು ನೋಡುವ ಮೂರು ನಾಲ್ಕು ಕನ್ನಡ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿ. ಹಾಗೆ ಆರಿಸುವ ಹಕ್ಕು 2019ರಿಂದ ಪ್ರತಿಯೊಬ್ಬ ಗ್ರಾಹಕರಿಗೂ ಇದೆ. ಕ್ರೀಡೆ ಮತ್ತು ಸಿನಿಮಾ ಚಾನೆಲ್‌ಗಳನ್ನು ಕೈಬಿಡಿ, ಅವುಗಳನ್ನು ನೋಡುವವರಿಗೆ ನಿಮ್ಮ ಮನೆಯಲ್ಲಿ ಈಗಾಗಲೇ ಓಟಿಟಿ ಇದೆ.