ದಿನ ಬಿಟ್ಟು ದಿನ ನುಂಗಿದ ಗುಳಿಗೆ

ಒಂದೇ ಬಗೆಯ ಕಥೆ ಕಲಬುರಗಿಯಲ್ಲಿ ಆಪ್ತಸಲಹೆಗಾರಳಾದ ನನ್ನ ಮುಂದೆ ಪದೇ ಪದೇ ಬರುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ, ಗಂಡನ ಜೊತೆ ಮಾತು ನಿಂತು ಹೋಗಿದೆ ಅಂತ ಹೆಣ್ಣುಮಕ್ಕಳು ಬರುತ್ತಾರೆ. ಕೂತು ಮಾತಾಡಿಸಿದರೆ ಕೊನೆಗೆ ಸಿಗುವುದು ಗರ್ಭ ತಡೆಯುವ ಗುಳಿಗೆಯ ಚೀಟಿ, ಅದರ ಬಿಲ್ಲು, ಆ ಬಿಲ್ಲು ಕಟ್ಟುವವರು ಯಾರು ಅನ್ನುವ ಜಗಳ. ಈ ಹೆಣ್ಣುಮಗಳ ಒಪ್ಪಿಗೆ ಕೇಳಿಯೇ ಬರೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಸುಮಾ ಅಂತ ಇಟ್ಟುಕೊಳ್ಳೋಣ.

ಸುಮಾಗೆ 27ರ ಆಸುಪಾಸು. ಎರಡು ವರ್ಷದ ಮಗಳಿದ್ದಾಳೆ. ನಗರದ ಒಂದು ಖಾಸಗಿ ಕಚೇರಿಯಲ್ಲಿ ಬಿಲ್ಲಿಂಗ್ ಕೆಲಸ. ಗಂಡ ಸೇಡಂ ಕಡೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದಾರೆ. ಎರಡನೇ ಮಗು ಬೇಕು, ಆದರೆ ಈಗಲೇ ಬೇಡ ಅಂತ ಗಂಡ ಹೆಂಡತಿ ಕೂಡಿಯೇ ತೀರ್ಮಾನ ಮಾಡಿದ್ದರು. ಜೊತೆಗಿರುವ ಅತ್ತೆಗೆ ಮಾತ್ರ ಮೊಮ್ಮಗ ಬೇಗ ಬೇಕು. ಖಾಸಗಿ ವೈದ್ಯರು ಬರೆದುಕೊಟ್ಟ ಗುಳಿಗೆಗೆ ತಿಂಗಳಿಗೆ 300 ರೂಪಾಯಿ ಮೇಲೆ ಆಗುತ್ತಿತ್ತು.

ಮೊದಮೊದಲು ಅವರು ಹೇಳಿದ್ದು ನಿದ್ದೆಯ ವಿಷಯ ಅಷ್ಟೇ. ಜೊತೆಗೆ ತಿಂಗಳ ನಡುವೆ ಆಗಾಗ ರಕ್ತ ಕಾಣುತ್ತಿದೆ, ಗರ್ಭಕೋಶದಲ್ಲಿ ಏನೋ ಆಗಿದೆ ಅನ್ನುವ ಭಯ. ಫೋನಿನಲ್ಲಿ ಹುಡುಕಿ ಹುಡುಕಿ ಕ್ಯಾನ್ಸರ್‌ವರೆಗೂ ಹೋಗಿದ್ದರು.

ಒಂದು ಮಧ್ಯಾಹ್ನ ನಾನು ಸುಮ್ನೆ ಕೇಳಿದೆ, "ಈಗ ಯಾವ ಔಷಧಿ ತಗೊಳ್ತಿದ್ದೀರಿ, ಇದ್ದರೆ ತೋರಿಸಿ." ಚೀಲ ತೆಗೆದರು. ಮಗಳ ಲಸಿಕೆ ಬರೆಸುವ ತಾಯಿ ಕಾರ್ಡಿನ ಮಡಿಕೆಯೊಳಗಿಂದ ಒಂದು ಗುಳಿಗೆ ಶೀಟ್ ಬಂತು. ಅತ್ತೆ ಕೈ ಹಾಕದ ಜಾಗ ಮನೆಯಲ್ಲಿ ಅದೊಂದೇ ಅಂತೆ. ಶೀಟಿನ ಮೇಲೆ ವಾರದ ಹೆಸರು ಅಚ್ಚಾಗಿತ್ತು. ಸೋಮವಾರದ ಗುಳಿಗೆ ಇಲ್ಲ, ಮಂಗಳವಾರದ್ದು ಹಾಗೇ ಇದೆ. ಬುಧವಾರದ್ದು ಇಲ್ಲ, ಗುರುವಾರದ್ದು ಇದೆ. ಇಡೀ ಶೀಟ್ ಹಾಗೇ.

"ಹಿಂಗ ತಗೊಂಡ್ರ ಒಂದು ಶೀಟ್ ಎರಡು ತಿಂಗಳು ಬರ್ತದ್ರಿ ಮೇಡಂ" ಅಂದರು.

ಆಮೇಲೆ ಉಳಿದದ್ದೆಲ್ಲ ಬಂತು. ಅವರ ಚಿಕ್ಕಪ್ಪನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಇಂಥ ಗುಳಿಗೆಗೆ ಇನ್ಶೂರೆನ್ಸ್ ಇದೆ, ಕೈಯಿಂದ ಒಂದು ಪೈಸೆ ಕೊಡಬೇಕಾಗಿಲ್ಲ ಅಂತ ಅವಳು ಫೋನಿನಲ್ಲಿ ಹೇಳಿದ್ದಳು. ಗಂಡನ ಕಂಪನಿ ನೌಕರರಿಗೆಲ್ಲ ಒಟ್ಟಿಗೆ ಮಾಡಿಸಿದ ಆರೋಗ್ಯ ವಿಮೆಯಲ್ಲಿ, ಅಂದರೆ ಗ್ರೂಪ್ ಪಾಲಿಸಿಯಲ್ಲಿ, ಸುಮಾ ಹೆಸರೂ ಇದೆ. ಹೆರಿಗೆಗೆ ಅದೇ ಪಾಲಿಸಿ ದುಡ್ಡು ಕೊಟ್ಟಿತ್ತು. ಹಾಗಾದರೆ ಇದಕ್ಕೂ ಕೊಡಬಹುದು ಅಂತ ಬಿಲ್ಲು, ಚೀಟಿ ಎಲ್ಲ ಜೋಡಿಸಿ ಗಂಡನ ಕೈಗೆ ಕೊಟ್ಟರು. ಕಂಪನಿಯಲ್ಲಿ ಕಾಗದ ನೋಡುವವನು ನಾಲ್ಕು ಜನರ ಮುಂದೆ ಅದನ್ನು ಗಟ್ಟಿಯಾಗಿ ಓದಿ ನಕ್ಕನಂತೆ. ಗಂಡ ಮನೆಗೆ ಬಂದು ಚೀಟಿಯನ್ನು ಮೇಜಿನ ಮೇಲೆ ಎಸೆದು, ಇನ್ನು ಮುಂದೆ ಇದನ್ನ ನನ್ನ ಕೈಯಾಗ ಕೊಡಬ್ಯಾಡ ಅಂದರು. ಅವತ್ತಿನಿಂದ ಸುಮಾ ಗುಳಿಗೆಗೆ ರೊಕ್ಕ ಕೇಳಲಿಲ್ಲ. ಅವರ ಸಂಬಳ ಮನೆ ಬಾಡಿಗೆಗೆ ಹೋಗುತ್ತದೆ. ತಮ್ಮ ಬಸ್ ಚಾರ್ಜಿನಲ್ಲಿ ಉಳಿಸಿ ಎರಡು ತಿಂಗಳಿಗೊಂದು ಶೀಟ್ ತರುತ್ತಿದ್ದರು.

ಶೀಟನ್ನು ಮತ್ತೆ ಕಾರ್ಡಿನೊಳಗೆ ಇಡುತ್ತಾ ಒಂದು ಮಾತು ಹೇಳಿದರು.

"ಆಪರೇಷನ್ ಮಾಡಿಸ್ಕೊಂಡ್ರ ಸರ್ಕಾರದವ್ರು ರೊಕ್ಕ ಕೊಡ್ತಾರ. ಹಡದ್ರ ಕಂಪನಿ ಇನ್ಶೂರೆನ್ಸ್ ಕೊಡ್ತದ. ಸ್ವಲ್ಪ ದಿನ ತಡೀತೀನಿ ಅಂದ್ರ ಮಾತ್ರ ಯಾರೂ ಕೊಡಂಗಿಲ್ಲ, ಅಲ್ರೀ?"

ಈ ಮಾತು ನನ್ನನ್ನು ಬಿಟ್ಟಿಲ್ಲ. ಯಾಕಂದರೆ ಅವರ ಪಾಲಿಗೆ ಅದು ನಿಜವೇ ಆಗಿತ್ತು. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗರ್ಭ ತಡೆಯುತ್ತಿರುವುದು ಆಪರೇಷನ್ನಿನಿಂದಲೇ. ನಮ್ಮ ಕಡೆ ಕುಟುಂಬ ಯೋಜನೆ ಅಂದರೆ ಇವತ್ತಿಗೂ ಆಪರೇಷನ್ ಅಂತಲೇ ಅರ್ಥ. ಎರಡು ಮಗುವಿನ ನಡುವೆ ನಾಲ್ಕು ವರ್ಷ ಬಿಡುವು ಬೇಕು ಅನ್ನುವ ಹೆಣ್ಣುಮಗಳ ಆಸೆಗೆ ಮನೆಯ ಲೆಕ್ಕದಲ್ಲೂ ಜಾಗ ಇಲ್ಲ, ಪಾಲಿಸಿಯ ಲೆಕ್ಕದಲ್ಲೂ ಇಲ್ಲ.

ಆ ದಿನ ನಾನು ಮೊದಲು ಹೇಳಿದ್ದು ಮನಸ್ಸಿನ ವಿಷಯ ಅಲ್ಲ, ಗುಳಿಗೆಯ ವಿಷಯ. ಈ ಗುಳಿಗೆ ದಿನಾ ತಗೊಂಡರೆ ಮಾತ್ರ ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತದೆ. ದಿನ ಬಿಟ್ಟು ದಿನ ತಗೊಂಡರೆ ಅದನ್ನು ನಂಬಿಕೊಂಡು ಇರುವ ಹಾಗಿಲ್ಲ. ನಡುವೆ ರಕ್ತ ಕಾಣುವುದೂ ಹೀಗೆ ತಪ್ಪಿಸುವುದರಿಂದಲೇ ಇರಬಹುದು, ಆದರೆ ಅದನ್ನು ವೈದ್ಯರೇ ನೋಡಿ ಹೇಳಬೇಕು. ಅಲ್ಲಿಯವರೆಗೆ ಕಾಂಡೋಮ್ ಬಳಸಿ, ನಾಳೆಯೇ ಗರ್ಭ ಪರೀಕ್ಷೆ ಮಾಡಿಕೊಳ್ಳಿ ಅಂದೆ. ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ನಿದ್ದೆ ಬಂತು ಅಂತ ಆಮೇಲೆ ಹೇಳಿದರು.

ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರಿಗೆ ಇದು ಸರಿ ಕಾಣಲಿಲ್ಲ. ಪಾಲಿಸಿ, ಸಂಬಳ ಚೀಟಿ, ಗುಳಿಗೆ ದರ ಇವೆಲ್ಲ ಆಪ್ತಸಲಹೆಗಾರರ ಕೆಲಸ ಅಲ್ಲ, ಗಂಡ ಹೆಂಡತಿಯ ಸಂಬಂಧದ ಮೇಲೆ ಗಮನ ಕೊಡಬೇಕಿತ್ತು ಅಂದರು. ಅವರ ಮೇಲೆ ಗೌರವ ಇದ್ದೇ ಇದೆ, ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಬಸುರಿಯಾಗಿಬಿಟ್ಟರೆ ಅಂತ ದಿನಾ ಹೆದರುವ ಹೆಂಗಸಿಗೆ ಉಸಿರಾಟದ ಅಭ್ಯಾಸ ಕಲಿಸಿ ಕಳಿಸಿದರೆ ಅವಳ ಹೆದರಿಕೆ ಸುಳ್ಳು ಅಂತ ಹೇಳಿದ ಹಾಗಾಗುತ್ತದೆ. ಅವಳ ಹೆದರಿಕೆ ಸುಳ್ಳಾಗಿರಲಿಲ್ಲ. ಮೊದಲು ಆ ಹೆದರಿಕೆಗೆ ಕಾರಣವಾದದ್ದನ್ನು ಸರಿ ಮಾಡಬೇಕು, ಆಮೇಲೆ ಸಂಬಂಧ.

ಪಾಲಿಸಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಬಹಳ ಜನ ಇದನ್ನು ಓದದೇ ಸಹಿ ಹಾಕುತ್ತಾರೆ. ಅಮೆರಿಕದ ಅಕ್ಕ ಹೇಳಿದ್ದು ಸುಳ್ಳಲ್ಲ. ಅಲ್ಲಿ 2010ರಲ್ಲಿ ಬಂದ ಆರೋಗ್ಯ ಕಾನೂನಿನ ಪ್ರಕಾರ, 2012ರಿಂದ ಹೆಚ್ಚಿನ ಖಾಸಗಿ ಪಾಲಿಸಿಗಳು ವೈದ್ಯರು ಬರೆದ ಗರ್ಭನಿರೋಧಕಗಳ ಖರ್ಚನ್ನು ಪೂರ್ತಿ ಭರಿಸಬೇಕು. ಅಲ್ಲೂ ತಕರಾರು ಇಲ್ಲದೇ ಇಲ್ಲ. ಧರ್ಮದ ನಂಬಿಕೆಗೆ ವಿರುದ್ಧ ಅಂತ ಕೆಲವು ಮಾಲೀಕರು ಕೋರ್ಟಿಗೆ ಹೋಗಿ 2014ರಲ್ಲಿ ವಿನಾಯಿತಿ ಪಡೆದರು. ನಮ್ಮಲ್ಲಿ ಅಂಥ ಕಾನೂನೇ ಇಲ್ಲ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಪಾಲಿಸಿಗಳು ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಪಟ್ಟಿಯನ್ನು ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆಸಿತು. ಅದರಲ್ಲಿ 17ನೇ ಸಂಕೇತ ನೋಡಿ. ಬಂಜೆತನದ ಚಿಕಿತ್ಸೆಯ ಜೊತೆಗೇ ಎಲ್ಲ ಬಗೆಯ ಗರ್ಭನಿರೋಧಕ, ಸಂತಾನಹರಣ ಚಿಕಿತ್ಸೆ ಎಲ್ಲವೂ ಅಲ್ಲಿವೆ. ಅದರ ಮೇಲೆ, ನಮ್ಮ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಕೊಡುತ್ತವೆ. ತಿಂಗಳ ಗುಳಿಗೆ ಬಿಲ್ಲು ಅಲ್ಲಿಗೂ ಹೊಂದುವುದಿಲ್ಲ.

ಹೆರಿಗೆಯೂ ಆ ಪಟ್ಟಿಯಲ್ಲಿದೆ, ಮುಂದಿನ 18ನೇ ಸಂಕೇತವೇ ಅದು. ಆದರೆ ಕಂಪನಿಗಳ ಗ್ರೂಪ್ ಪಾಲಿಸಿಯಲ್ಲಿ ಹೆರಿಗೆಯನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಾರೆ. ಗರ್ಭನಿರೋಧಕ ಸೇರಿಸಿ ಅಂತ ಕೇಳುವವರು ಇಲ್ಲ. ಕೇಳಿದವಳ ಬಿಲ್ಲನ್ನು ನಾಲ್ಕು ಜನರ ಮುಂದೆ ಓದುತ್ತಾರೆ. ಬಿಲ್ಲು ವಾಪಸ್ಸಾದದ್ದಕ್ಕಿಂತ ಅದನ್ನು ಓದಿ ನಕ್ಕದ್ದೇ ಆ ಮನೆಯನ್ನು ಕೆಡಿಸಿತು.

ದೂರು ಕೊಡೋಣವಾ ಅಂತ ಸುಮಾ ಕೇಳಿದರು. ಬೇಡ ಅಂದೆ. ತಪ್ಪಾಗಿ ಕ್ಲೈಮ್ ತಿರಸ್ಕರಿಸಿದರೆ ವಿಮಾ ಕಂಪನಿಗೆ, ಅಲ್ಲಿ ಆಗದಿದ್ದರೆ ವಿಮಾ ಪ್ರಾಧಿಕಾರದ ದೂರು ಪೋರ್ಟಲ್ ಬಿಮಾ ಭರೋಸಾದಲ್ಲಿ, ಆಮೇಲೆ ವಿಮೆಯ ತಕರಾರು ತೀರ್ಮಾನಿಸುವ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಇಲ್ಲಿ ಪಾಲಿಸಿಯಲ್ಲೇ ಇಲ್ಲ ಅಂತ ಬರೆದಿದೆ. ಸೋಲುವ ದೂರಿಗೆ ಅವರ ಉಳಿದ ಶಕ್ತಿಯನ್ನೂ ಹಾಕಿಸುವುದು ನನಗೆ ಸರಿ ಅನ್ನಿಸಲಿಲ್ಲ.

ಅವರ ಗೆಳತಿ ಇನ್ನೊಂದು ದಾರಿ ತೋರಿಸಿದ್ದಳು. ಪಿಸಿಓಡಿ (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಇದೆ ಅಂತ ವೈದ್ಯರ ಕೈಲಿ ಬರೆಸಿಕೋ, ಅದೇ ಗುಳಿಗೆ ಕಾಯಿಲೆಯ ಔಷಧಿ ಆಗುತ್ತದೆ ಅಂತ. ಇದಕ್ಕೆ ನಾನು ಗಟ್ಟಿಯಾಗಿಯೇ ಬೇಡ ಅಂದೆ. ನಿಜವಾಗಿ ಪಿಸಿಓಡಿ ಅಥವಾ ಅತಿಯಾದ ರಕ್ತಸ್ರಾವಕ್ಕೆ ಈ ಗುಳಿಗೆ ಕೊಟ್ಟಿದ್ದರೆ, ಪಾಲಿಸಿಯಲ್ಲಿ ಓಪಿಡಿ ಖರ್ಚೂ (ಅಡ್ಮಿಟ್ ಆಗದೆ ತೋರಿಸಿಕೊಳ್ಳುವ ಖರ್ಚು) ಸೇರಿದ್ದರೆ, ಕಾಯಿಲೆಯ ಹೆಸರನ್ನು ಚೀಟಿಯಲ್ಲಿ ಸರಿಯಾಗಿ ಬರೆಸಿಕೊಂಡು ಖಂಡಿತ ಕೇಳಿ. ಇಲ್ಲದ ಕಾಯಿಲೆ ಬರೆಸಬೇಡಿ. ಸುಳ್ಳು ಅಂತ ಗೊತ್ತಾದರೆ ಪಾಲಿಸಿಯೇ ಹೋಗಬಹುದು. ನಾಳೆ ಬೇರೆ ಪಾಲಿಸಿ ತಗೊಳ್ಳುವಾಗ ಅದೇ ಚೀಟಿ ಮೊದಲೇ ಇದ್ದ ಕಾಯಿಲೆಯಾಗಿ ಎದುರು ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳ ನಡುವೆ ಬಿಡುವು ಬೇಕು ಅನ್ನುವುದು ಕಾಯಿಲೆಯ ವೇಷ ಹಾಕಬೇಕಾದ ಸಂಗತಿ ಅಲ್ಲ.

ಮತ್ತೆ ದಾರಿ ಏನು? "ಸರ್ಕಾರದಿಂದ ಪುಕ್ಕಟೆ ಸಿಗುತ್ತದಲ್ಲ, ಯಾಕೆ ತಗೊಳ್ಳಲ್ಲ?" ಅಂತ ಓದುವವರು ಕೇಳಬಹುದು. ಸಿಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಲಾ-ಎನ್ ಗುಳಿಗೆ ಉಚಿತ. ಆಶಾ ಕಾರ್ಯಕರ್ತೆ ಮನೆಗೇ ತಂದುಕೊಟ್ಟರೆ ಒಂದು ತಿಂಗಳ ಗುಳಿಗೆಗೆ 1 ರೂಪಾಯಿ. ಆದರೆ ಸುಮಾ ಓಣಿಯ ಆಶಾ ಕಾರ್ಯಕರ್ತೆ ಅವರ ಅತ್ತೆಗೆ ತವರಿನ ಕಡೆಯ ಸಂಬಂಧಿ. ಅವರ ಕೈಯಿಂದ ಗುಳಿಗೆ ತಗೊಂಡರೆ ಸಂಜೆಯೊಳಗೆ ಅತ್ತೆಗೆ ಗೊತ್ತಾಗುತ್ತದೆ ಅನ್ನುವ ಹೆದರಿಕೆ. ಆಶಾ ಅಕ್ಕಂದಿರ ಮೇಲೆ ನನಗೆ ದೂರಿಲ್ಲ. ಬಿಸಿಲಲ್ಲಿ ಮನೆಮನೆ ತಿರುಗುವವರು ಅವರು. ಆದರೆ ಪುಕ್ಕಟೆ ಇದೆ ಅಂದ ಮಾತ್ರಕ್ಕೆ ಎಲ್ಲರ ಕೈಗೂ ಎಟುಕುತ್ತದೆ ಅಂತಲ್ಲ.

ಅದಕ್ಕೇ ಹೇಳಿದೆ, ನಿಮ್ಮ ಓಣಿಯವರ ಹತ್ತಿರವೇ ತಗೊಳ್ಳಬೇಕು ಅಂತ ನಿಯಮ ಇಲ್ಲ. ಜಿಮ್ಸ್ ಆಸ್ಪತ್ರೆಯಂಥ ದೊಡ್ಡ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋದರೆ ಯಾರ ಮನೆಯ ಸೊಸೆ ಅಂತ ಯಾರೂ ಕೇಳುವುದಿಲ್ಲ. ಸಂಬಳ ಚೀಟಿ ತರಿಸಿ ನೋಡಿದೆ. ಇಎಸ್ಐ ಅಂತ, ಅಂದರೆ ನೌಕರರ ಸರ್ಕಾರಿ ವಿಮೆಗೆ, 0.75 ಶೇಕಡಾ ಪ್ರತಿ ತಿಂಗಳು ಕಟ್ ಆಗುತ್ತಿತ್ತು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು ಅನ್ವಯ. ಅದು ಮಿಲ್ಲಿನ ಕೂಲಿಯವರಿಗೆ ಮಾತ್ರ ಅಂದುಕೊಂಡು ಸುಮಾ ಕಾರ್ಡನ್ನೇ ಮಾಡಿಸಿರಲಿಲ್ಲ. ಇಎಸ್ಐನಲ್ಲಿ ಆಸ್ಪತ್ರೆಗೆ ಅಡ್ಮಿಟ್ ಆಗದೆಯೂ ವೈದ್ಯರಿಗೆ ತೋರಿಸಿ ಔಷಧಿ ಪಡೆಯಬಹುದು, ಕುಟುಂಬ ಕಲ್ಯಾಣ ಸೇವೆಯೂ ಸೇರಿದೆ. ನಮ್ಮ ಊರಲ್ಲೇ ಸೇಡಂ ರಸ್ತೆಯಲ್ಲಿ ಅಷ್ಟು ದೊಡ್ಡ ಇಎಸ್ಐ ಆಸ್ಪತ್ರೆ ಇದೆ. ತನ್ನದೇ ಸಂಬಳದಿಂದ ಹೋಗುವ ದುಡ್ಡಿನ ವಿಮೆ ಬಿಟ್ಟು ಗಂಡನ ಪಾಲಿಸಿಯ ಬಾಗಿಲು ತಟ್ಟಿದ್ದರು.

ಯಾವ ವಿಧಾನ ಅನ್ನುವುದನ್ನು ನಾನು ಹೇಳಲಿಲ್ಲ, ಅದು ವೈದ್ಯರ ಕೆಲಸ. ಅವರು ಮುಂದಿಟ್ಟದ್ದರಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದೂ ಇತ್ತು, ಛಾಯಾ ಗುಳಿಗೆಯೂ ಇತ್ತು. ಅಂತರಾ ಬಿಟ್ಟ ಮೇಲೆ ಮತ್ತೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯಬಹುದು ಅಂತ ಕೇಳಿ ಸುಮಾ ಛಾಯಾ ಆರಿಸಿಕೊಂಡರು. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಲಖನೌದ ಸರ್ಕಾರಿ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದ, ಹಾರ್ಮೋನ್ ಇಲ್ಲದ ಗುಳಿಗೆ ಅದು. ಕೆಲವರಿಗೆ ಇದರಿಂದ ಮುಟ್ಟು ತಡವಾಗುತ್ತದೆ. ಮೊದಲೇ ಹೆದರಿದವರಿಗೆ ಇದನ್ನು ಮುಂಚೆಯೇ ಹೇಳದಿದ್ದರೆ ಮತ್ತೆ ನಿದ್ದೆಗೆಡುತ್ತಾರೆ. ಹಾಗಾಗಿ ಅದೊಂದನ್ನು ನಾವಿಬ್ಬರೂ ಕೂತು ಎರಡೆರಡು ಸಲ ಮಾತಾಡಿದೆವು.

ಇಷ್ಟಾದ ಮೇಲೆ ಗಂಡನನ್ನು ಕರೆಸಿದೆ. ಸುಮಾ ಒಪ್ಪಿದ ಮೇಲೆಯೇ. ಒಳ್ಳೆಯ ಮನುಷ್ಯ. ಶೀಟಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದು, "ಸೀರಿ ಕೇಳಿದ್ರ ತಂದು ಕೊಡ್ತೀನ್ರಿ ಮೇಡಂ. ಇದನ್ನ ಕೇಳಿದ್ರ ಯಾಕೋ ನಾಚಿಕಿ ಬರ್ತದ" ಅಂದರು. ನಾಚಿಕೆ ಬರುವುದು ತಪ್ಪಲ್ಲ, ಆದರೆ ಆ ನಾಚಿಕೆಯ ಖರ್ಚನ್ನು ನಿಮ್ಮ ಹೆಂಡತಿಯ ಮೈ ಕಟ್ಟುತ್ತಿದೆ ಅಂದೆ. ಮಾತು ಸ್ವಲ್ಪ ಗಟ್ಟಿಯಾಯಿತು ಅಂತ ಯಾರಿಗಾದರೂ ಅನ್ನಿಸಬಹುದು. ಇಬ್ಬರೂ ಸೇರಿ ಮಾಡಿದ ತೀರ್ಮಾನದ ಭಾರ ಒಬ್ಬರ ಮೇಲೇ ಬಿದ್ದಾಗ ಮೆತ್ತಗೆ ಮಾತಾಡಿ ಪ್ರಯೋಜನ ಇಲ್ಲ ಅನ್ನುವುದು ನನ್ನ ನಂಬಿಕೆ. ತಿಂಗಳ ಖರ್ಚು ಬರೆಯುವಾಗ ಹಾಲು, ಸಿಲಿಂಡರ್, ಮಗಳ ಔಷಧಿಯ ಸಾಲಿನಲ್ಲೇ ಇದನ್ನೂ ಬರೆಯಿರಿ ಅಂತ ಹೇಳಿದೆ. ಸರ್ಕಾರಿ ಆಸ್ಪತ್ರೆಗೆ ಹೋಗಿ ಬರುವ ಆಟೋ ಚಾರ್ಜಾದರೂ ಅಲ್ಲಿ ಬರಲಿ. ಅತ್ತೆಗೆ ಹೇಳಬೇಕಾ ಬೇಡವಾ ಅನ್ನುವುದನ್ನು ಅವರಿಬ್ಬರಿಗೇ ಬಿಟ್ಟೆ.

ಇನ್ನೊಂದು ಮಾತನ್ನೂ ಅವರ ಕಿವಿಗೆ ಹಾಕಿದೆ. ಗ್ರೂಪ್ ಪಾಲಿಸಿಯಲ್ಲಿ ಏನೇನು ಸೇರಬೇಕು ಅನ್ನುವುದನ್ನು ಪ್ರತಿ ವರ್ಷ ನವೀಕರಣದ ಮುಂಚೆ ಮಾಲೀಕರು ವಿಮಾ ಕಂಪನಿಯ ಜೊತೆ ಮಾತಾಡಿ ಹೆಚ್ಚಿಸಿಕೊಳ್ಳಬಹುದು. ನೌಕರರು ಐದಾರು ಜನ ಸೇರಿ ಓಪಿಡಿ ಖರ್ಚು, ಗರ್ಭನಿರೋಧಕ ಎರಡನ್ನೂ ಸೇರಿಸಿ ಅಂತ ಬರೆದುಕೊಟ್ಟರೆ ಕನಿಷ್ಠ ಆ ಪ್ರಶ್ನೆ ಮೇಜಿನ ಮೇಲೆ ಬರುತ್ತದೆ. ನಕ್ಕವನ ಮುಂದೆಯೇ ಮತ್ತೆ ಹೋಗಿ ಕೇಳುವುದು ಸುಲಭ ಅಲ್ಲ, ನನಗೂ ಗೊತ್ತು. ಅವರು ಹೂಂ ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ. ಸುಮಾ ಈಗ ತಮ್ಮ ಇಎಸ್ಐ ಕಾರ್ಡ್ ಮಾಡಿಸಿಕೊಂಡಿದ್ದಾರೆ. ಅವರ ಕಚೇರಿಯ ಇನ್ನಿಬ್ಬರು ಹೆಣ್ಣುಮಕ್ಕಳೂ ತಮ್ಮ ಸಂಬಳ ಚೀಟಿ ತಂದು ನನಗೆ ತೋರಿಸಿ ಹೋದರು.